ತಂಗಿ ಆಂಥ್ರೊಪಾಲಜಿ ಓದ್ತೀನಿ ಅಂದಾಗ

ತಂಗಿ ಪಿಯುಸಿ ಮುಗಿಸಿ ಆಂಥ್ರೊಪಾಲಜಿ ಓದ್ತೀನಿ ಅಂದಾಗ ಮನೆಯಲ್ಲಿ ಯಾರೂ ಬೈಯಲಿಲ್ಲ. ಬೈಯೋಕೆ ಅದೇನು ಅಂತ ಗೊತ್ತಿರಬೇಕಲ್ಲ! ಚಿಕ್ಕಪ್ಪ ನನಗೆ ಫೋನ್ ಮಾಡಿ, "ನೀನಾದ್ರೂ ಬುದ್ಧಿ ಹೇಳೋ. ಮನುಷ್ಯರ ಬಗ್ಗೆ ತಿಳ್ಕೊಳ್ಳೋಕೆ ಡಿಗ್ರಿ ಬೇಕಾ?" ಅಂದ್ರು. ನಾನೂ ಹೇಳಿದೆ: ನೀಟ್ ಇನ್ನೊಂದ್ಸಲ ಬರಿ, ಇಲ್ಲಾಂದ್ರೆ ಬಿಸಿಎ ಮಾಡು. ಅವಳು ಸಿಯುಇಟಿ ಬರೆದು ದೆಹಲಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಆನರ್ಸ್‌ಗೆ ಸೇರಿಬಿಟ್ಟಳು.

ಹೌದು, ಬಿ.ಎಸ್ಸಿ. ನಾನು ಆರ್ಟ್ಸ್ ಅಂದುಕೊಂಡಿದ್ದೆ. ಮಾನವ ವಿಕಾಸ, ಮೂಳೆಗಳು, ಶಿಲಾಯುಗದ ಕಲ್ಲಿನ ಆಯುಧಗಳು, ಜೊತೆಗೆ ಮದುವೆ, ನೆಂಟಸ್ತಿಕೆ, ಜಾತಿ, ಎಲ್ಲವೂ ಒಂದೇ ಡಿಗ್ರಿಯಲ್ಲಿ. ಅವಳು ತಲೆಬುರುಡೆ ಅಳೆಯುತ್ತಿರೋ ಫೋಟೊ ಫ್ಯಾಮಿಲಿ ಗ್ರೂಪ್‌ಗೆ ಹಾಕಿದಾಗ ದೊಡ್ಡಮ್ಮ ಕೇಳಿದ್ದು ಒಂದೇ: "ಮುಟ್ಟಿದ ಮೇಲೆ ಸ್ನಾನ ಮಾಡಿದ್ಯಾ?"

ಮೊದಲ ವರ್ಷದ ಚಳಿಗಾಲದ ರಜೆಗೆ ಊರಿಗೆ ಬಂದವಳು ಒಂದು ದೊಡ್ಡ ಡ್ರಾಯಿಂಗ್ ಶೀಟ್ ತಂದಿದ್ದಳು. ವಂಶಾವಳಿ ಬರೆಯುವ ಅಸೈನ್‌ಮೆಂಟ್. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಸಮ ಚಿಹ್ನೆ, ತೀರಿಕೊಂಡವರ ಮೇಲೆ ಅಡ್ಡಗೀಟು. ಡಬ್ಲ್ಯೂ.ಎಚ್.ಆರ್. ರಿವರ್ಸ್ ಅನ್ನೋರು ನೂರು ವರ್ಷಕ್ಕೂ ಹಿಂದೆ ನೀಲಗಿರಿಯ ತೋಡರ ನಡುವೆ ಹೀಗೇ ವಂಶಾವಳಿ ಕಲೆಹಾಕಿದ್ದರಂತೆ. ನನಗೆ ನಗು ಬಂತು. ಟ್ರೀ ಬರೆಯೋದನ್ನ ನಾವು ಡೇಟಾ ಸ್ಟ್ರಕ್ಚರ್ಸ್‌ನಲ್ಲೇ ಕಲಿತಿದ್ದೀವಲ್ಲ!

ಆದರೆ ನಮ್ಮ ಮನೆತನ ಟ್ರೀ ಅಲ್ಲ. ಅಜ್ಜಿ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ಎರಡನೇ ಸಾಲಿನಲ್ಲೇ ಗೆರೆ ಸುತ್ತು ಹಾಕಿಕೊಂಡು ವಾಪಸ್ ಬಂತು. ಭಾಷೆಯೂ ಹಾಗೇ ಇದೆ ನೋಡಿ. ಅಪ್ಪನ ಅಕ್ಕತಂಗಿಯರೂ ಅತ್ತೆ, ಹೆಂಡತಿಯ ತಾಯಿಯೂ ಅತ್ತೆ. ಚಿಕ್ಕಪ್ಪನ ಮಗಳು ತಂಗಿ, ಅತ್ತೆಯ ಮಗಳು ಮಾತ್ರ ತಂಗಿಯಲ್ಲ. ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಅನ್ನೋ ನಿಯಮ ಕರೆಯೋ ಹೆಸರಲ್ಲೇ ಕೂತಿದೆ. ಆಂಥ್ರೊಪಾಲಜಿ ಪುಸ್ತಕಗಳಲ್ಲಿ ಇದಕ್ಕೆ ‘ದ್ರಾವಿಡ ಬಂಧುತ್ವ’ ಅಂತಲೇ ಹೆಸರು. ನಾನು ಮೂವತ್ತು ವರ್ಷ ಅತ್ತೆ, ಮಾವ ಅಂತ ಕರೆದುಕೊಂಡೇ ಬಂದಿದ್ದೀನಿ, ಒಂದು ದಿನವೂ ಹೊಳೆದಿರಲಿಲ್ಲ.

ಮೂರನೇ ದಿನ, ಅವರೆಕಾಳು ಹಿತುಕುತ್ತಾ ಕೂತಿದ್ದ ಅಜ್ಜಿ ಶೀಟ್ ಕಡೆ ನೋಡಿ, "ನಮ್ಮಕ್ಕನ್ನ ಎಲ್ಲಿ ಹಾಕಿದೀಯೆ?" ಅಂದರು.

ಅಜ್ಜಿಗೆ ಅಕ್ಕ ಇದ್ದದ್ದೇ ನಮಗೆ ಗೊತ್ತಿರಲಿಲ್ಲ. ತಾತನ ಮೊದಲ ಹೆಂಡತಿ ಅವರು. ಹೆರಿಗೆಯಾಗಿ ಕೆಲವೇ ದಿನಕ್ಕೆ ಹೋಗಿಬಿಟ್ಟರು. ಕೂಸು ಬೇರೆಯವರ ಕೈಗೆ ಹೋಗಬಾರದು ಅಂತ ಅದೇ ಮನೆಗೆ ಅಜ್ಜಿಯನ್ನು ಕೊಟ್ಟರು. ಆ ಕೂಸು ನಮ್ಮ ದೊಡ್ಡಪ್ಪ. ಸತ್ತವಳ ತಂಗಿಯನ್ನು ತರುವ ಈ ಪದ್ಧತಿಗೆ ಸೊರೊರೇಟ್ ಅಂತ ಹೆಸರಿದೆ. ತಂಗಿ ಅದನ್ನು ಓದಿ, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲೂ ಬರೆದಿದ್ದಳು. ಮನೆಯಲ್ಲೇ ಅದು ಕೂತಿದೆ ಅಂತ ಅವತ್ತೇ ಗೊತ್ತಾಗಿದ್ದು.

ರಾತ್ರಿ ನನಗೆ ಫೋನ್: "ಅಣ್ಣ, ಇದನ್ನ ಬರೀಲಾ?"

"ಹೆಸರೆಲ್ಲ ತೆಗೆದು ಸಬ್ಮಿಟ್ ಮಾಡು. ಯಾರಿಗೆ ಗೊತ್ತಾಗುತ್ತೆ?" ಅಂದೆ. ಡೇಟಾ ಅನಾನಿಮೈಸ್ ಮಾಡೋದು ನನಗೆ ದಿನದ ಕೆಲಸ.

"ದೊಡ್ಡಪ್ಪನಿಗೆ ಗೊತ್ತಾಗುತ್ತಲ್ಲ."

ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಅಂತ ಬೇರೆ ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದು, ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಮೂರು ಬ್ಯಾಕಪ್ಪೂ ಒಂದೇ ಜಾಗದಲ್ಲಿ! ನಮ್ಮ ಆಫೀಸಲ್ಲಾದರೆ ಆಡಿಟ್‌ನವರು ಬಿಡುತ್ತಿರಲಿಲ್ಲ. ಕೊನೆಗೆ ಅವರು ನೆನಪನ್ನೇ ನೆಚ್ಚಿಕೊಂಡು ಬರೆದ ಪುಸ್ತಕ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಈ ಕಥೆಯನ್ನು ನನಗೆ ಹೇಳಿದ್ದೂ ತಂಗಿಯೇ. ಊರಿನ ಹೆಸರು ಮುಚ್ಚಿಡಬಹುದು ಅಣ್ಣ, ಊರಿನವರಿಂದಲೇ ಊರನ್ನು ಮುಚ್ಚಿಡೋಕಾಗಲ್ಲ ಅಂತ ಅವಳ ವಾದ. ಆ ವೃತ್ತ ಬಿಟ್ಟೇ ಅಸೈನ್‌ಮೆಂಟ್ ಕೊಟ್ಟಳು.

ಬೇಸಿಗೆಯಲ್ಲಿ ಅಜ್ಜಿಯೇ ದೊಡ್ಡಪ್ಪನನ್ನು ಜಗಲಿ ಮೇಲೆ ಕೂರಿಸಿಕೊಂಡು ಹೇಳಿದರು. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, "ನಂಗೆ ಸ್ಕೂಲಿಗೆ ಹೋಗೋವಾಗ್ಲೇ ಗೊತ್ತು ಕಣವ್ವ. ನಿಂಗೆ ಬೇಜಾರಾಗುತ್ತೆ ಅಂತ ಕೇಳ್ಲಿಲ್ಲ" ಅಂದರು. ಆಮೇಲೆ ತಂಗಿ ಹೊಸ ಶೀಟ್ ಮೇಲೆ ಎಲ್ಲವನ್ನೂ ಮತ್ತೆ ಬರೆದಳು. ಅದು ಕಾಲೇಜಿಗೆ ಹೋಗಲಿಲ್ಲ, ಊರಮನೆಯ ಟ್ರಂಕಿನಲ್ಲಿದೆ.

ಕೆಲಸದ ವಿಷಯ ಚಿಕ್ಕಪ್ಪ ಈಗಲೂ ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ನಮ್ಮ ಹಾಗೆ ಕ್ಯಾಂಪಸ್‌ಗೆ ಕಂಪನಿಗಳು ಸಾಲು ಹಚ್ಚಿ ಬರೋ ಕೋರ್ಸ್ ಅಲ್ಲ ಇದು. ಯುಪಿಎಸ್ಸಿಗೆ ಐಚ್ಛಿಕ ವಿಷಯವಾಗಿ ತಗೊಳ್ಳೋ ಇಂಜಿನಿಯರ್‌ಗಳು ಬೇಕಾದಷ್ಟಿದ್ದಾರೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಒಂದು ಕೇಂದ್ರ ಮೈಸೂರಲ್ಲೇ ಇದೆ. ಆದರೆ ಆ ದಾರಿಗಳಿಗೆಲ್ಲ ಡಿಗ್ರಿ ಆದಮೇಲೂ ವರ್ಷಗಟ್ಟಲೆ ಓದಬೇಕು. ಮನೆಯಲ್ಲಿ ಅಷ್ಟು ತಡೆದುಕೊಳ್ಳುವ ಶಕ್ತಿ ಇದೆಯಾ ಅಂತ ಸೇರುವ ಮೊದಲೇ ಲೆಕ್ಕ ಹಾಕಿ. ಅವಳು ಎಂ.ಎಸ್ಸಿ. ಮಾಡ್ತೀನಿ ಅಂತಿದ್ದಾಳೆ. ಈ ಸಲ ನಾನು ಬಿಸಿಎ ಅನ್ನಲಿಲ್ಲ.

ಇದನ್ನು ಬರೆಯುವ ಮೊದಲು ಅಜ್ಜಿಯನ್ನೂ ದೊಡ್ಡಪ್ಪನನ್ನೂ ಕೇಳಿದೆ. ಬರಿ, ಊರ ಹೆಸರು ಮಾತ್ರ ಬೇಡ ಅಂದರು. ಹಾಕಿಲ್ಲ.