ಅಜ್ಜಿಯ ಹೆಸರು ಪಾಲುಪಟ್ಟಿಯಲ್ಲಿದೆ

ಎರಡು ತಲೆಮಾರು ಮುಂಬಯಿಯಲ್ಲಿ ಹೋಟೆಲು ನಡೆಸಿದ ಕುಟುಂಬಕ್ಕೆ ಇದ್ದಕ್ಕಿದ್ದಂತೆ ಊರು ನೆನಪಾಗುವುದು ಎಷ್ಟೋ ಸಲ ಜೋಯಿಸರ ಕವಡೆಯಿಂದ. ಪ್ರಶ್ನೆಯಲ್ಲಿ 'ಮೂಲದ ನಾಗನಿಗೆ ಸೇವೆ ಸಲ್ಲುತ್ತಿಲ್ಲ' ಎಂದು ಕಂಡುಬಂದರೆ ಮುಗಿಯಿತು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಿನ ಗುಡ್ಡ ಬೈಲುಗಳಲ್ಲಿ ಮೂಲಬನದ, ಅಂದರೆ ಕುಟುಂಬದ ಮೂಲ ನಾಗಬನದ ಹುಡುಕಾಟ ಶುರು. ವಾಮದಪದವಿನಂಥ ಪೇಟೆಯಲ್ಲಿ ಕಾರು ನಿಲ್ಲಿಸಿ ವಿಚಾರಿಸಿದರೆ ಹಳಬರು ಕೇಳುವುದು ಅಪ್ಪನ ಹೆಸರನ್ನಲ್ಲ. ಮೊದಲು ಮನೆಯ ಹೆಸರು, ಆಮೇಲೆ 'ಬರಿ', ಅಂದರೆ ಗೋತ್ರದಂಥ ಕುಲದ ಹೆಸರು. ಎರಡೂ ತಾಯಿಯ ಕಡೆಯಿಂದ ಬಂದವು.

ಹೀಗೆ ಬೇರು ಹುಡುಕುವವರಿಗೆ ಬೇರೆಡೆ ಬೇರೆ ದಾರಿಗಳಿವೆ. ಅಮೆರಿಕದ ಹಳ್ಳಿಗಾಡಿನ ಕೌಂಟಿಯಲ್ಲಿ ಪೂರ್ವಜರನ್ನು ಹುಡುಕುವವರು ಕೌಂಟಿಯ ಕೋರ್ಟಿಗೆ ಹೋಗುತ್ತಾರೆ. ಜಮೀನಿನ ಕ್ರಯಪತ್ರ, ಉಯಿಲು, ಮದುವೆಯ ದಾಖಲೆ ಅಲ್ಲಿರುತ್ತವೆ. 1850ರ ಜನಗಣತಿಯಿಂದ ಮನೆಯೊಳಗಿನ ಪ್ರತಿಯೊಬ್ಬರ ಹೆಸರೂ ಸಿಗುತ್ತದೆ. ಗುಲಾಮರದ್ದು ಮಾತ್ರ ಇಲ್ಲ, ಅವರು ಬರೀ ವಯಸ್ಸು, ಲಿಂಗ, ಬಣ್ಣ. ನಮ್ಮ ಬಯಲುಸೀಮೆಯವರಿಗೆ ವಂಶ ಹಾಡಿ ಹೇಳುವ ಹೆಳವರಿದ್ದಾರೆ. ಕೆಥೊಲಿಕರಿಗೆ ಇಗರ್ಜಿಯ ಜ್ಞಾನಸ್ನಾನದ ಪುಸ್ತಕವಿದೆ, ಆದರೆ ಟಿಪ್ಪು 1784ರಲ್ಲಿ ಅವರನ್ನು ಸೆರೆಯೊಯ್ದು ಇಗರ್ಜಿಗಳನ್ನು ಕೆಡವಿಸಿದ ಮೇಲೆ, ಅದರಾಚೆಗಿನದು ಹೆಚ್ಚಾಗಿ ಬಾಯಿಮಾತು.

ಅಳಿಯಕಟ್ಟಿನ, ಅಂದರೆ ಮಾವನಿಂದ ಸೋದರಳಿಯನಿಗೆ ಹಕ್ಕು ಇಳಿಯುವ ಪದ್ಧತಿಯ, ಬಂಟರು, ಬಿಲ್ಲವರು, ಜೈನರ ಕತೆ ಇನ್ನೂ ತಮಾಷೆಯದು. ವಂಶ ಹರಿಯುವುದು ಹೆಣ್ಣಿನಲ್ಲಿ, ಕಾಗದ ಬರೆಯುವುದು ಗಂಡಿನ ಹೆಸರನ್ನು. ವರ್ಗದ (ಕುಟುಂಬದ ಹಿಡುವಳಿಯ) ಪಟ್ಟಾ ಯಜಮಾನ ಮಾವನ ಹೆಸರಲ್ಲಿ. ಅವನ ನಂತರ ಅಳಿಯ. ಇವರಿಬ್ಬರನ್ನು ಜೋಡಿಸಿದ ಹೆಂಗಸು, ಮಾವನಿಗೆ ತಂಗಿ, ಅಳಿಯನಿಗೆ ತಾಯಿ, ಕಂದಾಯದ ಪುಸ್ತಕದಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ. ಆ ಮಟ್ಟಿಗೆ ಕಲ್ಲೇ ವಾಸಿ: 1604ರಲ್ಲಿ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮರಾಜ ಅಜಿಲ ಶಾಸನದಲ್ಲಿ ಪಾಂಡ್ಯಕದೇವಿಯ ಮಗ, ರಾಯಕುವರನ ಅಳಿಯ.

ಹೆಂಗಸರು ಕಾಗದದ ಮೇಲೆ ಸಾಲಾಗಿ ಬಂದು ಕೂರುವುದು ಜಗಳವಾದಾಗ. ಪಾಲು ಕೇಳಿ ಕೋರ್ಟಿಗೆ ಹೋದರೆ ಸಂತತಿ ನಕ್ಷೆ ಬೇಕು, ನಕ್ಷೆಗೆ ಮೂಲ ಅಜ್ಜಿ ಬೇಕು, ಅವಳ ಒಬ್ಬೊಬ್ಬ ಮಗಳಿಂದ ಒಂದೊಂದು ಕವರು, ಅಂದರೆ ಶಾಖೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ಲೆಕ್ಕ ಓದಿದರೆ ಇವತ್ತಿನವರಿಗೆ ನಗು ಬರುತ್ತದೆ. ಐದು ಗಂಡುಮಕ್ಕಳ ತಂದೆಯೂ ಅದರ ಪ್ರಕಾರ ಸಂತತಿ ಇಲ್ಲದವನೇ. ಪಾಲಿಗೆ ಬಂದ ಆಸ್ತಿ ಸಾಮಾನ್ಯವಾಗಿ ಅವನ ಜೀವಮಾನದ ಅನುಭೋಗಕ್ಕಷ್ಟೆ. ಹೆಣ್ಣು ಸಂತಾನವಿಲ್ಲದೆ ಐವತ್ತು ದಾಟಿದ ಹೆಂಗಸಿನ ಪಾಡೂ ಅದೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಈ ಕಟ್ಟನ್ನು ಸಡಿಲಿಸಿತು.

ಹಾಗಾಗಿ ಊರಿನ ಚರಿತ್ರೆ ಬರೆಯಹೊರಟವರಿಗೆ ನನ್ನ ಸಲಹೆ: ಆರ್‌ಟಿಸಿ ಪಕ್ಕಕ್ಕಿಡಿ, ಅಟ್ಟದ ಪೆಟ್ಟಿಗೆಯಿಂದ ಪಾಲುಪಟ್ಟಿ ಇಳಿಸಿ. ಕುಟುಂಬದ ಚಾವಡಿಯಲ್ಲಿ ಅಗೆಲು (ಎಡೆ) ಬಡಿಸುವಾಗ ಗುರುಕಾರ್ನವರನ್ನೆಲ್ಲ, ಅಂದರೆ ಗತಿಸಿದ ಹಿರಿಯರನ್ನೆಲ್ಲ, ಒಟ್ಟಾಗಿ ಕರೆಯುವುದು ವಾಡಿಕೆ. ಪಾಲುಪಟ್ಟಿಯಲ್ಲಿ ಹಾಗಲ್ಲ, ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲರೂ ಬೇರೆಬೇರೆಯಾಗಿ, ಹೆಬ್ಬೆಟ್ಟಿನ ಸಮೇತ ಇರುತ್ತಾರೆ. ಒಂದು ಕವರಿನವರಿಗೆ ಇನ್ನೊಂದರ ಮೇಲಿದ್ದ ಅಪನಂಬಿಕೆ ನಮಗೆ ಉಪಕಾರವಾಗಿದೆ.

ನಾಡಕಚೇರಿಯ ವಂಶವೃಕ್ಷ ಈಗ ಸಾಮಾನ್ಯವಾಗಿ ಗಂಡನಿಂದ ಶುರುವಾಗಿ ಹೆಂಡತಿ ಮಕ್ಕಳಿಗೆ ಇಳಿಯುತ್ತದೆ. ಬ್ಯಾಂಕಿಗೆ ಅದು ಸಾಕು. ಅದನ್ನೇ ಹಿಡಿದು ಮೂಲಬನ ಹುಡುಕಹೊರಟರೆ ತಲಪುವುದು ಬೇರೆಯವರ ನಾಗನ ಎದುರಿಗೆ.