ಹದಿನಾಲ್ಕು ತುಂಬಿದ ಹುಡುಗಿಗೆ ಆಟದ ಬಯಲು

ಹೆಣ್ಣುಮಕ್ಕಳು ಎಷ್ಟನೆಯ ವಯಸ್ಸಿನವರೆಗೆ ಆಟವಾಡಬಹುದೆಂಬ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೂ ಅದಕ್ಕೆ ಉತ್ತರವು ಎಲ್ಲ ಮನೆಗಳಲ್ಲಿಯೂ ಸಿದ್ಧವಾಗಿರುವುದು. ಕಾರವಾರ ಅಂಕೋಲೆಗಳ ನಡುವಣ ನಮ್ಮ ತೋಡೂರಿನಂತಹ ಊರುಗಳಲ್ಲಿ ಭತ್ತದ ಕೊಯ್ಲು ಮುಗಿದು ಗದ್ದೆಗಳು ಬಯಲಾದೊಡನೆ ಹುಡುಗ ಹುಡುಗಿಯರೆಲ್ಲ ಒಟ್ಟಾಗಿ ಓಡಾಡುವರು. ಏಳನೆಯ ತರಗತಿ ದಾಟಿ ಹೈಸ್ಕೂಲು ಸೇರುವಷ್ಟರಲ್ಲಿ ಹುಡುಗರು ಬಯಲಿನಲ್ಲಿಯೇ ಉಳಿಯುವರು. ಹುಡುಗಿಯರು ಮಾತ್ರ ಒಬ್ಬೊಬ್ಬರಾಗಿ ಮನೆಯ ಜಗಲಿಗೆ ಸರಿಯುವರು. ಇದಕ್ಕೆ ಯಾರ ಆಜ್ಞೆಯೂ ಇಲ್ಲ, ರೂಢಿಯೇ ಆಜ್ಞೆ.

ಈ ಸ್ಥಿತಿಯು ನಮ್ಮಲ್ಲಿ ಮಾತ್ರವೆಂದು ವಾಚಕರು ಭಾವಿಸಬಾರದು. ಆಸ್ಟ್ರೇಲಿಯಾ ಖಂಡದಲ್ಲಿ ಅವರದೇ ಆದ ಒಂದು ಕಾಲ್ಚೆಂಡಿನ ಆಟವುಂಟು. ಅದರ ನಿಯಮಗಳು ಮೆಲ್ಬರ್ನ್ ಪಟ್ಟಣದಲ್ಲಿ 1859ರಲ್ಲಿ ರಚಿತವಾದವು. ಚೆಂಡು ಮೊಟ್ಟೆಯ ಆಕಾರದ್ದು, ಬಯಲೂ ಅಂಡಾಕಾರದ್ದೇ. ಚೆಂಡನ್ನು ಕಾಲಿನಿಂದ ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜತೆಗಾರರಿಗೆ ಕೊಡಬಹುದು, ಹಾರಿ ಹಿಡಿಯಬಹುದು, ಎಸೆಯಲಾಗದು. ನಡುವಣ ಎರಡು ಕಂಬಗಳ ಮಧ್ಯೆ ಒದ್ದು ದಾಟಿಸಿದರೆ ಆರು ಅಂಕ, ಅವುಗಳ ಹೊರಬದಿಯ ಕಂಬಗಳೊಳಗೆ ಹೋದರೆ ಒಂದು. ಮೈಗೆ ಮೈ ತಾಗುವ ಈ ಬಿರುಸಿನ ಆಟದಲ್ಲಿ ಹುಡುಗಿಯರು ಎಳವೆಯಲ್ಲಿ ಹುಡುಗರೊಡನೆಯೇ ಆಡುತ್ತಿದ್ದರು. ಹದಿನಾಲ್ಕರ ಸುಮಾರಿಗೆ ಅವರನ್ನು ಹೊರಗಿಡುತ್ತಿದ್ದರು.

2003ರಲ್ಲಿ ವಿಕ್ಟೋರಿಯಾ ಪ್ರಾಂತದ ಮೂವರು ಬಾಲಿಕೆಯರು ಈ ನಿರ್ಬಂಧದ ವಿರುದ್ಧ ನ್ಯಾಯಮಂಡಲಿಯ ಮೊರೆಹೊಕ್ಕರು. ಅವರಲ್ಲಿ ಪೆನ್ನಿ ಕ್ಯೂಲಾ-ರೀಡ್ ಎಂಬಾಕೆಯೂ ಒಬ್ಬಳು. ಹದಿನಾಲ್ಕು ತುಂಬಿದವರು ಹುಡುಗರೊಡನೆ ಆಡಲಾಗದೆಂದೇ 2004ರಲ್ಲಿ ತೀರ್ಪಾಯಿತು. ಅವರು ಸೋತರೆಂದೇ ಇದನ್ನು ಎಣಿಸಬೇಕಾಗಿತ್ತು. ಆದರೆ ಈ ವಿವಾದದ ಫಲವಾಗಿ ಬಾಲಿಕೆಯರಿಗಾಗಿಯೇ ಬೇರೆ ಪಂದ್ಯಗಳನ್ನು ಏರ್ಪಡಿಸಬೇಕಾಯಿತು. 2010ರಿಂದ ಪ್ರಾಂತ ಪ್ರಾಂತಗಳ ತರುಣಿಯರು ಸೆಣಸುವ ರಾಷ್ಟ್ರೀಯ ಪಂದ್ಯಾವಳಿಯೂ ನಡೆಯತೊಡಗಿತು. 2017ರ ಫೆಬ್ರುವರಿ 3ರಂದು ಸ್ತ್ರೀಯರ ರಾಷ್ಟ್ರೀಯ ಲೀಗಿನ ಪ್ರಥಮ ಪಂದ್ಯವು ಮೆಲ್ಬರ್ನಿನಲ್ಲಿ ನಡೆದಾಗ 24,568 ಜನರು ನೆರೆದರು. ಸ್ಥಳವಿಲ್ಲದೆ ಬಾಗಿಲು ಮುಚ್ಚಬೇಕಾಯಿತು. ಮೇಲೆ ಹೇಳಿದ ಪೆನ್ನಿಯೂ ಆ ವರ್ಷ ಕಾಲಿಂಗ್‌ವುಡ್ ತಂಡದ ಪರವಾಗಿ ಆಡಿದಳು.

ಇದರಿಂದ ತಿಳಿಯತಕ್ಕದ್ದೇನು? ಹುಡುಗಿಯು ಆಟ ಬಿಡುವುದು ಆಸೆ ಬತ್ತಿದ್ದರಿಂದಲ್ಲ, ಮುಂದಿನ ಮೆಟ್ಟಲು ಇಲ್ಲದ್ದರಿಂದ. ಸಮವಯಸ್ಕರಾದ ಜತೆಗಾರ್ತಿಯರೂ, ಆ ವಯಸ್ಸಿಗೆಂದೇ ಗೊತ್ತುಪಡಿಸಿದ ಪಂದ್ಯಗಳೂ ಇದ್ದರೆ ಬಯಲು ತಾನಾಗಿ ತುಂಬುವುದು.

ನಮ್ಮ ದೇಶದಲ್ಲಿ ಆ ಮೆಟ್ಟಲು ಉಂಟು. ಬಹುಮಂದಿ ತಂದೆತಾಯಿಗಳು ಅದನ್ನು ಗಮನಿಸಿಲ್ಲವಷ್ಟೆ. ಖೋಖೋ ಆಟವನ್ನು ಅರಿಯದವರಾರು? ಎರಡು ಕಂಬ, ಅವುಗಳ ನಡುವೆ ಒಬ್ಬರು ಅತ್ತ ಒಬ್ಬರು ಇತ್ತ ಮುಖಮಾಡಿ ಕುಳಿತ ಎಂಟು ಜನ, ಬೆನ್ನಟ್ಟುವವರೊಬ್ಬರು, ಇಷ್ಟಿದ್ದರೆ ಸಾಕು. ಚೆಂಡು ಬೇಡ, ಬಲೆ ಬೇಡ. ಇಪ್ಪತ್ತೇಳು ಮೀಟರು ಉದ್ದ, ಹದಿನಾರು ಮೀಟರು ಅಗಲದ ನೆಲ ಬೇಕು. ಪುಣೆಯಲ್ಲಿ 1914ರಲ್ಲಿ ನಿಯಮಬದ್ಧವಾದ ಈ ಆಟದಲ್ಲಿ ಈಗ ಹದಿನಾಲ್ಕರೊಳಗಿನವರಿಗೊಂದು, ಹದಿನೆಂಟರೊಳಗಿನವರಿಗೊಂದು ರಾಷ್ಟ್ರೀಯ ಪಂದ್ಯಾವಳಿಯಿರುವುದು. ಕಿರಿಯ ಬಾಲಿಕೆಯರಲ್ಲಿ ಶ್ರೇಷ್ಠಳಾದವಳಿಗೆ 'ಇಳಾ' ಪ್ರಶಸ್ತಿ. ಹದಿನೆಂಟರೊಳಗಿನವರಲ್ಲಿ ಶ್ರೇಷ್ಠಳಾದವಳಿಗೆ 'ಜಾನಕಿ' ಪ್ರಶಸ್ತಿ. ಜಾನಕಿಯೆಂಬುದು ತದ್ಧಿತಾಂತ ಪದ. ಜನಕನ ಮಗಳೆಂದು ಅರ್ಥ. ಸೀತೆಗೆ ಹೆಸರುಗಳು ಹಲವಿರಲು, ತಂದೆಯನ್ನು ನೆನಪಿಸುವ ಈ ಹೆಸರೇ ಆಟಗಾರ್ತಿಗೆ ದೊರೆತುದು ನಮಗೆ ಬಹಳ ಉಚಿತವಾಗಿ ತೋರುವುದು. ಏಕೆಂದರೆ ಈ ವಯಸ್ಸಿನಲ್ಲಿ ಮಗಳು ಆಡುವಳೋ ಬಿಡುವಳೋ ಎಂಬುದು ಆಕೆಯ ಕಾಲಬಲಕ್ಕಿಂತ ತಂದೆಯ ಒಂದು ಮಾತನ್ನೇ ಹೆಚ್ಚಾಗಿ ಅವಲಂಬಿಸಿರುವುದು.

ಹಳ್ಳಿಯ ಹುಡುಗಿ ಅಲ್ಲಿಯವರೆಗೆ ಏರಬಲ್ಲಳೇ ಎಂದು ಶಂಕಿಸುವವರು 2025ರ ಜನವರಿಯನ್ನು ನೆನೆಯಲಿ. ದಿಲ್ಲಿಯಲ್ಲಿ ನಡೆದ ಪ್ರಥಮ ಖೋಖೋ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತದ ಸ್ತ್ರೀಯರು ನೇಪಾಳವನ್ನು 78–40 ಅಂಕಗಳಿಂದ ಗೆದ್ದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರಿನವರು. ರೈತರ ಮನೆಯ ಮಗಳು.

ನಮ್ಮ ಮಕ್ಕಳಿಗೂ ದಾರಿ ಮುಚ್ಚಿಲ್ಲ. ಶಾಲೆಯಿಂದ ವಲಯ, ವಲಯದಿಂದ ತಾಲೂಕು, ಜಿಲ್ಲೆ, ಬಳಿಕ ಬೆಳಗಾವಿ ವಿಭಾಗ, ಕೊನೆಗೆ ರಾಜ್ಯ ಎಂದು ಶಾಲಾ ಪಂದ್ಯಗಳು ಏರುತ್ತ ಹೋಗುವುವು. ಆದರೆ ಎಡವುವುದು ಮೊದಲ ಮೆಟ್ಟಲಿನಲ್ಲಿಯೇ. ಸಂಜೆ ಅಭ್ಯಾಸಕ್ಕೆ ನಿಂತರೆ ಬಸ್ಸು ತಪ್ಪುವುದು; ಪರವೂರಿಗೆ ಹೋದರೆ ಜತೆಗೆ ಯಾರೆಂಬ ಚಿಂತೆ; ಮನೆಯಲ್ಲಿ ತಮ್ಮಂದಿರನ್ನು ನೋಡುವವರಾರೆಂಬ ತಾಯಿಯ ತೊಡಕು. ಇವು ಸುಳ್ಳು ನೆಪಗಳಲ್ಲ, ನಿಜವಾದ ಕಷ್ಟಗಳು. ನೌಕಾನೆಲೆಗಾಗಿ ಮನೆಮಠ ತೊರೆದು ಬಂದು ನೆಲೆಸಿದ ಕುಟುಂಬಗಳಿರುವ ನಮ್ಮ ಊರಿನಲ್ಲಿ, ಮಕ್ಕಳ ಓದಿಗೇ ಹಿರಿಯರು ಪಟ್ಟ ಪಾಡು ಸಾಮಾನ್ಯವಲ್ಲ.

ಆದರೂ ಈ ಕಷ್ಟಗಳು ಮನೆಯವರು ಒಗ್ಗೂಡಿದರೆ ತೀರತಕ್ಕವು. ನಾಲ್ಕು ಮನೆಯವರು ಸರದಿಯಂತೆ ಒಬ್ಬ ಹಿರಿಯ ಹೆಂಗಸನ್ನು ಮಕ್ಕಳ ಜತೆಗೆ ಕಳುಹಬಹುದು. ಪಂದ್ಯಕ್ಕೆ ಕರೆದೊಯ್ಯುವಾಗ ಅಕ್ಕೋರೊಬ್ಬರು ಜತೆಗಿರಲೆಂದು ಶಾಲೆಯನ್ನು ಕೇಳಬಹುದು. ತಿಂಗಳ ದಿನಗಳಲ್ಲಿ ಆಡಬಾರದೆಂಬ ಹೆದರಿಕೆಗೆ ವೈದ್ಯಶಾಸ್ತ್ರದ ಆಧಾರವಿಲ್ಲ. ನೋವು ಹೆಚ್ಚಾಗಿದ್ದರೆ ವಿಶ್ರಾಂತಿ, ಇಲ್ಲವಾದರೆ ಆಟ, ಇಷ್ಟೇ. ತಂಗಿ ಆಡುವ ಹೊತ್ತಿನಲ್ಲಿ ನೀರು ತರುವ ಕೆಲಸವನ್ನು ಅಣ್ಣನಿಗೆ ವಹಿಸಿದರೆ ಅವನ ಮಾನವೇನೂ ಕುಂದದು.

ಎಲ್ಲ ಹುಡುಗಿಯರೂ ಪದಕ ತರಲಾರರು, ತರಬೇಕಾಗಿಯೂ ಇಲ್ಲ. ಓಡಿ ಬೆವರಿದ ಮೈಗೆ ಬಲ ಬರುವುದು, ಸೋತು ಕಲಿತ ಮನಸ್ಸಿಗೆ ಧೈರ್ಯ ಬರುವುದು. ಇವೆರಡೂ ಮುಂದೆ ಆಕೆ ಯಾವ ಮನೆ ಬೆಳಗಿದರೂ ಉಪಯೋಗಕ್ಕೆ ಬರುವ ಸೊತ್ತು. ಬರುವ ಜೂನಿನಲ್ಲಿ ಶಾಲೆ ತೆರೆದಾಗ, ಮಗಳ ಪುಸ್ತಕಗಳ ಲೆಕ್ಕ ಕೇಳುವ ತಂದೆಯು ಆಟದ ತಂಡದಲ್ಲಿ ಆಕೆಯ ಹೆಸರುಂಟೇ ಎಂದೂ ಒಮ್ಮೆ ವಿಚಾರಿಸಲೆಂದು ನಾವು ವಿನಂತಿಸುವೆವು.