ರೈತನ ಕಿಸೆಯಲ್ಲಿ ಮಡಚುವ ಚಾಕು: ಆಯ್ಕೆ, ಬಳಕೆ ಮತ್ತು ಜೋಪಾನ



ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ. ಬೀಜ ಕೊಳ್ಳುವಾಗ ನಾಲ್ಕು ಜನರನ್ನು ಕೇಳುತ್ತೇವೆ. ಆದರೆ ದಿನವೂ ಕಿಸೆಯಲ್ಲಿರುವ ಚಾಕುವನ್ನು ಮಾತ್ರ ಸಂತೆಯಲ್ಲಿ ಕೈಗೆ ಸಿಕ್ಕದ್ದನ್ನು ಕೊಂಡು ತರುತ್ತೇವೆ. ಚೀಲದ ಬಾಯಿ ಬಿಚ್ಚಲು, ಹಗ್ಗ ಕೊಯ್ಯಲು, ಹನಿ ನೀರಾವರಿಯ ಕೊಳವೆ ಕತ್ತರಿಸಲು, ಹೊಲದಲ್ಲಿ ಉಳ್ಳಾಗಡ್ಡಿ ಹೆಚ್ಚಲು ಅದೇ ಬೇಕು. ಬೆಳೆಯ ರೋಗವನ್ನು ಹೊತ್ತಿಗೆ ಸರಿಯಾಗಿ ಗುರುತಿಸಲೂ ಅದೇ ಬೇಕು. ಹಾಗೆಯೇ ಸುಗ್ಗಿಯ ಹೊತ್ತಿನಲ್ಲಿ ಬೆರಳು ಕೊಯ್ದು ರೈತನನ್ನು ಮನೆಯಲ್ಲಿ ಕೂಡಿಸುವುದೂ ಅದೇ ಚಾಕು. ಆದ್ದರಿಂದ ಅದನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇದು ನನ್ನ ಕೈಯನ್ನು ಕಾಯುತ್ತದೆಯೇ?

ಆಯ್ಕೆ ಹೇಗೆ?

ಬೀದರ ಪೇಟೆಯಲ್ಲಾಗಲಿ, ಭಾಲ್ಕಿ, ಔರಾದ ಸಂತೆಗಳಲ್ಲಾಗಲಿ ಚಾಕು ಕೊಳ್ಳುವಾಗ ಈ ಸಂಗತಿಗಳನ್ನು ಲಕ್ಷ್ಯದಲ್ಲಿಡಿರಿ.

೧. ಅಲಗು ಏಳೆಂಟು ಸೆಂಟಿಮೀಟರ್, ಅಂದರೆ ಸುಮಾರು ಮೂರು ಅಂಗುಲ ಇದ್ದರೆ ಸಾಕು. ಇದಕ್ಕಿಂತ ದೊಡ್ಡ ಕೆಲಸಕ್ಕೆ ಕುಡಗೋಲು, ಕೊಡಲಿ ಇದ್ದೇ ಇವೆ.

೨. ಹಿಡಿಯಲ್ಲಿ ನಾಲ್ಕೂ ಬೆರಳು ಕೂಡಬೇಕು. ಬೆವರಿದ ಕೈಯಲ್ಲಿ ಜಾರುವ ನುಣುಪು ಹಿಡಿ ಬೇಡ.

೩. ಅಲಗನ್ನು ಬಿಚ್ಚಿ ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಿರಿ. ಹೊಸದರಲ್ಲಿಯೇ ಕೀಲು ಸಡಿಲಿದ್ದರೆ ಅಂಥ ಚಾಕುವನ್ನು ಬಿಡಿರಿ.

೪. ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ತಡೆಯಿಲ್ಲದ ಚಾಕುವಿನ ಬೆನ್ನಿಗೆ ಸ್ವಲ್ಪ ಒತ್ತು ಬಿದ್ದರೂ ಅಲಗು ಮಡಚಿ ಬೆರಳಿನ ಮೇಲೆಯೇ ಬೀಳುತ್ತದೆ. ಫ್ರಾನ್ಸ್ ದೇಶದ ಸವೋಯಾ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಓಪಿನೆಲ್ ಎಂಬವರು ೧೮೯೦ರ ಸುಮಾರಿಗೆ ಕಟ್ಟಿಗೆ ಹಿಡಿಯ ಒಂದು ಸಾದಾ ಚಾಕು ಮಾಡಿದರು. ಅಲ್ಲಿಯ ಒಕ್ಕಲಿಗರು ಅದನ್ನು ಬಹಳ ಮೆಚ್ಚಿಕೊಂಡರು. ಆ ಚಾಕುವಿಗೂ ೧೯೫೫ರಲ್ಲಿ ಅಲಗನ್ನು ತಡೆದು ನಿಲ್ಲಿಸುವ ಉಕ್ಕಿನ ಬಳೆ ಸೇರಿತು. ನಮ್ಮ ಪೇಟೆಯಲ್ಲಿ ಬೆನ್ನಿನ ಮೇಲೆ ಚಿಲಕವಿರುವ ಚಾಕುಗಳು ಸಿಗುತ್ತವೆ. ಎರಡು ರೂಪಾಯಿ ಹೆಚ್ಚಾದರೂ ಅಂಥದನ್ನೇ ಕೊಳ್ಳಿರಿ.

೫. ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ರಾಂಪುರಿ ತರಹದ ಚಾಕು ಒಕ್ಕಲುತನಕ್ಕೆ ತಕ್ಕುದಲ್ಲ. ಅದು ಕಿಸೆಯಲ್ಲಿಯೇ ತೆರೆದುಕೊಂಡೀತು. ಪೋಲೀಸರ ಸಂಶಯಕ್ಕೂ ಕಾರಣವಾದೀತು.

ಉಕ್ಕಿನಲ್ಲಿ ಎರಡು ಬಗೆ. ಸಾದಾ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕು ಕಡಿಮೆ, ಸಾಣೆ ಹಿಡಿಯಲು ಹೊತ್ತು ಹೆಚ್ಚು. ದಿನವೂ ಒರೆಸಿಡುವ ರೂಢಿ ಇದ್ದವರಿಗೆ ಮೊದಲನೆಯದು, ಇಲ್ಲದವರಿಗೆ ಎರಡನೆಯದು ಒಳ್ಳೆಯದು.

ಬೆಳೆ ಪರೀಕ್ಷೆಗೆ ಚಾಕು

ತೊಗರಿ ಹೂ ಕಾಯಿ ಬಿಡುವ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡಿದರೆ ನೀರಿನ ಕೊರತೆ ಎಂದು ಸುಮ್ಮನಾಗಬೇಡಿರಿ. ಅಂಥ ಗಿಡವನ್ನು ಕಿತ್ತು, ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿರಿ. ಒಳಗೆ ಕಂದು ಅಥವಾ ಕಪ್ಪು ಗೆರೆಗಳು ಕಂಡರೆ ಅದು ಸೊರಗು ರೋಗ. ಅದರ ಶಿಲೀಂಧ್ರ ಮಣ್ಣಿನಲ್ಲಿ ಉಳಿಯುತ್ತದೆ. ಮುಂದಿನ ವರ್ಷ ಆ ಹೊಲದಲ್ಲಿ ಜೋಳದಂಥ ಬೇರೆ ಬೆಳೆ ಹಾಕುವುದು, ರೋಗ ತಾಳುವ ತಳಿ ಆರಿಸುವುದು, ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸುವುದು ಉಪಾಯ. ಸೀಳಿದ ಗಿಡವನ್ನು ರೈತ ಸಂಪರ್ಕ ಕೇಂದ್ರಕ್ಕೆ ತಂದು ತೋರಿಸಿದರೆ ಸಲಹೆ ಕೊಡುವವರಿಗೂ ಅನುಕೂಲ.

ಕಬ್ಬನ್ನೂ ಹಾಗೆಯೇ ಸೀಳಿ ನೋಡಬಹುದು. ಒಳಗೆ ಕೆಂಪಾಗಿ, ನಡುನಡುವೆ ಅಡ್ಡಕ್ಕೆ ಬಿಳಿ ಮಚ್ಚೆಗಳಿದ್ದು, ಹುಳಿ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ. ಅಂಥ ಹೊಲದ ಕಬ್ಬನ್ನು ಬೀಜಕ್ಕೆ ಬಳಸಬಾರದು. ಶುಂಠಿ ಬಿತ್ತುವವರು ಒಂದೆರಡು ಒಳ್ಳೆಯ ಮೊಳಕೆಗಳಿರುವಂತೆ, ೨೦ರಿಂದ ೨೫ ಗ್ರಾಂ ತೂಕದ ತುಂಡುಗಳನ್ನು ಮಾಡಬೇಕು.

ಇಲ್ಲಿ ಒಂದು ಎಚ್ಚರ ಬೇಕು. ರೋಗದ ಗಿಡ, ಕೊಳೆತ ಗಡ್ಡೆ ಕೊಯ್ದ ಚಾಕುವಿನಿಂದಲೇ ಒಳ್ಳೆಯದನ್ನು ಕೊಯ್ದರೆ ರೋಗವನ್ನು ನಾವೇ ಹಂಚಿದಂತೆ. ಅಂಥದನ್ನು ಕೊಯ್ದ ಕೂಡಲೇ ಅಲಗನ್ನು ತೊಳೆದು, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿರಿ. ಇಲ್ಲವೇ ಕುದಿಯುವ ನೀರಿನಲ್ಲಿ ಅದ್ದಿರಿ.

ಬಳಸುವ ರೀತಿ

ಯಾವಾಗಲೂ ಮೈಯಿಂದ ಹೊರಮುಖವಾಗಿ ಕೊಯ್ಯಿರಿ. ಹಿಡಿದಿರುವ ಎಡಗೈ ಅಲಗಿನ ದಾರಿಯಲ್ಲಿ ಇರಕೂಡದು. ಡಬ್ಬಿಯ ಮುಚ್ಚಳ ಮೀಟಲು, ಮೊಳೆ ಕೀಳಲು ಚಾಕು ಬಳಸಬೇಡಿರಿ. ತುದಿ ಮುರಿದು ಕಣ್ಣಿಗೆ ಹಾರಬಹುದು. ಇನ್ನೊಬ್ಬರಿಗೆ ಕೊಡುವಾಗ ಮಡಚಿಯೇ ಕೊಡಿರಿ. ಕೆಲಸ ಮುಗಿದ ಕೂಡಲೇ ಮಡಚಿ ಕಿಸೆಗೆ ಹಾಕಿರಿ. ಬದುವಿನ ಮೇಲೆ ಬಿಚ್ಚಿಟ್ಟ ಚಾಕು ಹುಡುಗರ ಕೈ ಸೇರುತ್ತದೆ.

ದನದ ಕೊರಳಿಗೆ ಕಣ್ಣಿ ಬಿಗಿದು ಉಸಿರು ಕಟ್ಟಿದಾಗ ಕುಡಗೋಲು ಹುಡುಕುತ್ತ ಮನೆಗೆ ಓಡುವಷ್ಟು ವೇಳೆ ಇರುವುದಿಲ್ಲ. ಆಗ ಕಿಸೆಯ ಚಾಕು ಒಂದು ಎತ್ತನ್ನೇ ಉಳಿಸುತ್ತದೆ. ಕಾಲು ಝಾಡಿಸಿದರೆ ತಗಲದ ಕಡೆ ನಿಂತು, ಗೂಟಕ್ಕೂ ಕೊರಳಿಗೂ ನಡುವೆ ಹಗ್ಗ ಬಿಗಿದಿರುವಲ್ಲಿ ಕೊಯ್ಯಿರಿ. ಕೊರಳಿಗೇ ಹತ್ತಿದ ಹಗ್ಗವಾದರೆ ಅಲಗಿನ ಬೆನ್ನು ಚರ್ಮದ ಕಡೆಗೆ, ಹರಿತ ಹೊರಗಡೆಗೆ ಇರುವಂತೆ ತೂರಿಸಿ ಕೊಯ್ಯಿರಿ. ಈ ಕೆಲಸ ಮೊಂಡ ಚಾಕುವಿನಿಂದ ಆಗದು.

ಸಾಣೆ ಮತ್ತು ಜೋಪಾನ

ಮೊಂಡ ಚಾಕು ಸುರಕ್ಷಿತವೆಂಬುದು ತಪ್ಪು ತಿಳುವಳಿಕೆ. ಮೊಂಡಾದಷ್ಟೂ ಹೆಚ್ಚು ಒತ್ತಬೇಕಾಗುತ್ತದೆ, ಒತ್ತಿದಾಗ ಜಾರುತ್ತದೆ. ಹದಿನೈದು ದಿನಕ್ಕೊಮ್ಮೆ ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಅಲಗಿನ ಬೆನ್ನು ಕಲ್ಲಿನಿಂದ ಒಂದು ಪೆನ್ಸಿಲಿನ ದಪ್ಪದಷ್ಟು ಮೇಲಿರುವಂತೆ ಹಿಡಿದು, ಎರಡೂ ಮಗ್ಗುಲು ಸಮನಾಗಿ ಮಸೆಯಿರಿ. ಹರಿತವನ್ನು ಹೆಬ್ಬೆರಳಿನ ಮೇಲೆ ಪರೀಕ್ಷಿಸದೆ ಕಾಗದ ಕೊಯ್ದು ನೋಡಿರಿ. ಕಿಡಿ ಹಾರುವ ಯಂತ್ರದ ಸಾಣೆಗೆ ಕೊಟ್ಟಾಗ ಅಲಗು ಕಾದು ನೀಲಿಯಾದರೆ ಉಕ್ಕಿನ ಹದ ಹೋಯಿತೆಂದೇ ತಿಳಿಯಿರಿ.

ನಮ್ಮ ಎರೆಮಣ್ಣು ಕೀಲಿನಲ್ಲಿ ಕೂತರೆ ಚಾಕು ಸರಿಯಾಗಿ ತೆರೆಯದು, ಚಿಲಕವೂ ಪೂರ್ತಿ ಕೂಡದು. ಕಡ್ಡಿಯಿಂದ ಮಣ್ಣು ತೆಗೆದು, ತೊಳೆದು, ಒಣಗಿಸಿ, ಒಂದು ಹನಿ ಕೊಬ್ಬರಿ ಎಣ್ಣೆ ಬಿಡಿರಿ. ಮನೆಯಲ್ಲಿದೆಯೆಂದು ಕುಸುಬಿ ಎಣ್ಣೆ ಹಾಕಬೇಡಿರಿ; ಅದು ಒಣಗಿ ಅಂಟಾಗುತ್ತದೆ.

ಯಾವುದಕ್ಕೆ ಬಳಸಬಾರದು?

ಹಾವು ಕಚ್ಚಿದ ಜಾಗವನ್ನು ಎಂದಿಗೂ ಕೊಯ್ಯಬಾರದು. ಕೊಯ್ದರೆ ವಿಷ ಹೊರಗೆ ಬರುವುದಿಲ್ಲ, ರಕ್ತ ಮಾತ್ರ ಹೋಗುತ್ತದೆ, ಗಾಯ ನಂಜಾಗುತ್ತದೆ. ಬಿಗಿಯಾಗಿ ಕಟ್ಟುವುದೂ ಬೇಡ. ಕಚ್ಚಿದ ಕೈಕಾಲು ಅಲುಗಿಸದೆ ತಡಮಾಡದೆ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. ಹಾಗೆಯೇ ಕಾಲಲ್ಲಿ ಮುರಿದ ಮುಳ್ಳನ್ನು ಹೊಲದ ಚಾಕುವಿನಿಂದ ಅಗೆದು ತೆಗೆಯಬಾರದು.

ಚಾಕುವಿನಿಂದ ಕೈ ಕೊಯ್ದರೆ ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ರಕ್ತ ನಿಲ್ಲಿಸಿರಿ, ಸಾಬೂನು ನೀರಿನಿಂದ ತೊಳೆಯಿರಿ. ಮಣ್ಣು, ತಂಬಾಕು, ಸಗಣಿಯ ಬೂದಿ ಮೆತ್ತಬೇಡಿರಿ. ಧನುರ್ವಾಯುವಿನ ರೋಗಾಣು ಮಣ್ಣು ಮತ್ತು ಸಗಣಿಯಲ್ಲಿಯೇ ಇರುತ್ತದೆ. ಗಾಯ ಸಣ್ಣದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದು ಬೇಕೇ ಎಂದು ಕೇಳಿರಿ.

ಕಾಯ್ದೆಯ ಮಾತೂ ತಿಳಿದಿರಲಿ. ೧೯೫೯ರ ಶಸ್ತ್ರಾಸ್ತ್ರ ಕಾಯ್ದೆಯು ಕೇವಲ ಮನೆಗೆಲಸಕ್ಕೆ, ಒಕ್ಕಲುತನಕ್ಕೆ ಎಂದು ಮಾಡಿದ ವಸ್ತುಗಳನ್ನು ಶಸ್ತ್ರವೆಂದು ಎಣಿಸುವುದಿಲ್ಲ. ಆದರೂ ಕೋರ್ಟು, ಮತಗಟ್ಟೆ, ಜಾತ್ರೆಯ ಗದ್ದಲಕ್ಕೆ ಹೋಗುವಾಗ ಚಾಕುವನ್ನು ಮನೆಯಲ್ಲಿಡುವುದೇ ಜಾಣತನ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಎಲ್ಲರಿಗೂ ಗೊತ್ತು. ವರುಷವಿಡೀ ದುಡಿದ ಬೆಳೆ ಕೊಯ್ಲಿಗೆ ಬಂದಾಗ ಒಂದು ನಿಮಿಷದ ಅಜಾಗರೂಕತೆಯಿಂದ ಕೈ ಕಟ್ಟಿಕೊಂಡು ಕೂಡುವಂತಾಗಬಾರದು. ನಿಮ್ಮ ಚಾಕುವನ್ನು ಇಂದೇ ಕಿಸೆಯಿಂದ ತೆಗೆದು ಕೀಲು, ತಡೆ, ಹರಿತ ಈ ಮೂರನ್ನು ಪರೀಕ್ಷಿಸಿರಿ. ಕೀಲು ಸಡಿಲಿದ್ದರೆ ಕಂಬಾರನಲ್ಲಿ ಬಿಗಿ ಮಾಡಿಸಿರಿ, ಮೊಂಡಾಗಿದ್ದರೆ ಮಸೆಯಿರಿ, ತಡೆ ನಿಲ್ಲದಿದ್ದರೆ ಮುಂದಿನ ಸಂತೆಗೆ ಬೇರೆ ಚಾಕು ಕೊಳ್ಳಿರಿ.